ಆರಾಮ ಮಾಡಿದರೆ ಆರಾಮ ಆಗುತ್ತದೆಯೇ?

ಪ್ರಶ್ನೆ: ಡಾಕ್ಟರ್ ಸಾಹೇಬರಿಗೆ ನಮಸ್ಕಾರ. ನಮ್ಮಪ್ಪಗ 58 ವರ್ಷ. ಆಳಂದ ತಾಲ್ಲೂಕಿನ ಹಳ್ಳ್ಯಾಗ ಹೊಲ ಅದ, ತೊಗರಿ ಬೆಳಿತಿದ್ರು. ಹದಿನೆಂಟು ವರ್ಷದ ಶುಗರ್. ಒಂಬತ್ತು ತಿಂಗಳಿಂದ ಸೋಮವಾರ, ಗುರುವಾರ ಡಯಾಲಿಸಿಸ್ ನಡದದ. ಅದರ ಸಲುವಾಗೇ ಕಲಬುರಗಿಯಾಗ ನಮ್ಮ ಮನ್ಯಾಗ ಇಟ್ಕೊಂಡೀವಿ. ಮೊದಲು ದಿನಾ ಹೊಲಕ್ಕ ನಡಕೊಂಡೇ ಹೋಗಿ ಬರೋರು. ಈಗ ಪಲ್ಲಂಗ ಬಿಟ್ಟು ಏಳಂಗಿಲ್ಲ. ಹಗಲೆಲ್ಲ ಮಲಗತಾರ, ರಾತ್ರಿ ಎಚ್ಚರ ಇರ್ತಾರ. ಒಂದು ರೊಟ್ಟಿಯೊಳಗ ಅರ್ಧ ಬಿಡ್ತಾರ. ಮಾತೂ ಕಡಿಮಿ ಆಗ್ಯಾವ. ಒಂದೀಟು ಅಡ್ಡಾಡ್ರಿ ಅಂದ್ರ ಮಂದಿ ನನಗೇ ಬೈತಾರ: ನಡದ್ರ ಕ್ರಿಯೇಟಿನಿನ್ ಏರ್ತದ, ಎಡಗೈಲೆ ತಂಬಗಿನೂ ಎತ್ತಬಾರದು ಅಂತ. ನನ್ನ ತಮ್ಮ ನೋಡಿದ್ರ ಜಿಮ್ಮಿಗೆ ಹಚ್ಚಮ ಅಂತಾನ. ಹೋದ ವಾರ ಅಪ್ಪ, "ಸಾಕಾಗ್ಯಾದವ್ವ, ಈ ಮಷೀನ ಬಿಟ್ಟುಬಿಡಮು, ನನ್ನ ಸಲುವಾಗಿ ನೀವ್ಯಾಕ ಸಾಲ ಮಾಡ್ತೀರಿ" ಅಂದ್ರು. ಇದು ಕಿಡ್ನಿ ನಿಶ್ಶಕ್ತಿಯೋ, ಮನಸ್ಸಿನ ಬ್ಯಾನಿಯೋ? ಮನಸ್ಸಿನ ಗುಳಿಗಿ ಕೊಟ್ರ ಮತ್ತ ಕಿಡ್ನಿಗೆ ಕೆಡಕ ಆಗ್ತದೇನು?

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು "ಮಷೀನ ಬಿಟ್ಟುಬಿಡಮು" ಎಂಬ ಮಾತಿನ ಮೇಲೆ. ನಡಿಗೆ, ಎಡಗೈ, ಕ್ರಿಯೇಟಿನಿನ್ ಎಲ್ಲವನ್ನೂ ಹೇಳುತ್ತೇನೆ. ಅದಕ್ಕಿಂತ ಮೊದಲು ಇದು.

ಡಯಾಲಿಸಿಸ್ ಯೂನಿಟ್ಟಿನಲ್ಲಿ ಈ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಕೆಲವರು ಬೇಸರಕ್ಕೆ ಅಂದು, ಮುಂದಿನ ಪಾಳಿಗೆ ತಾವೇ ಆಟೋ ಹಿಡಿದು ಬರುತ್ತಾರೆ. ಕೆಲವರು ನಿಜವಾಗಿಯೂ ಬಿಡುತ್ತಾರೆ. ಇಬ್ಬರ ಮಾತೂ ಕೇಳುವುದಕ್ಕೆ ಒಂದೇ ಥರ ಇರುತ್ತದೆ. ಆದ್ದರಿಂದ "ಹಂಗೆಲ್ಲ ಅನಬ್ಯಾಡ್ರಿ" ಎಂದು ಬಾಯಿ ಮುಚ್ಚಿಸಬೇಡಿ. ಮನೆಯಲ್ಲಿ ಗದ್ದಲವಿಲ್ಲದ ಹೊತ್ತು ನೋಡಿ, ಪಕ್ಕದಲ್ಲಿ ಕೂತು ಕೇಳಿ: "ಅಪ್ಪಾ, ಸಾಯೂ ವಿಚಾರ ಬರ್ಲತ್ತದೇನು? ಜೀವಕ್ಕ ಏನರೆ ಮಾಡ್ಕೋಬೇಕು ಅನಸ್ತದೇನು?" ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಕ್ಕೀತು ಎಂದು ಹೆದರಬೇಡಿ. ಹಾಗೆ ಆಗುವುದಿಲ್ಲ. ಒಳಗೆ ಹೊತ್ತುಕೊಂಡದ್ದನ್ನು ಇಳಿಸಲಿಕ್ಕೆ ಅವರಿಗೊಂದು ಜಾಗ ಸಿಗುತ್ತದೆ, ಅಷ್ಟೇ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ಇನ್ಸುಲಿನ್ ಮತ್ತು ಗುಳಿಗೆಗಳನ್ನು ನಿಮ್ಮ ಕೈಯಲ್ಲಿ ಇಟ್ಟುಕೊಳ್ಳಿ, ಅದೇ ದಿನ ವೈದ್ಯರಿಗೆ ತೋರಿಸಿ. ರಾತ್ರಿ ಹೊತ್ತಾಗಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.

ಅವರ ಮಾತಿನಲ್ಲಿ ಸಾಲದ ಚಿಂತೆಯೂ ಇದೆ. ಬಿಪಿಎಲ್ ಕಾರ್ಡ್ ಇದ್ದರೆ ಸರ್ಕಾರಿ ಆಸ್ಪತ್ರೆಯ ಡಯಾಲಿಸಿಸ್ ಘಟಕದಲ್ಲಿ ಶುಲ್ಕವಿಲ್ಲ. ನೀವು ಈಗ ಎಲ್ಲಿಗೆ ಹೋಗುತ್ತೀರೋ ಬರೆದಿಲ್ಲ. ಖಾಸಗಿಯಲ್ಲಿ ಹಣ ಕಟ್ಟುತ್ತಿದ್ದರೆ ಸರ್ಕಾರಿ ಘಟಕದಲ್ಲಿ ವಿಚಾರಿಸಿ. ಈಗಾಗಲೇ ಪುಕ್ಕಟೆ ಆಗುತ್ತಿದ್ದರೆ ಆ ಲೆಕ್ಕವನ್ನು ಅಪ್ಪನ ಮುಂದೆ ಕಾಗದದ ಮೇಲೆ ಬರೆದು ತೋರಿಸಿ. ಹೊಲದ ಲೆಕ್ಕ ಇಟ್ಟವರಿಗೆ "ಚಿಂತಿ ಮಾಡಬ್ಯಾಡ್ರಿ" ಎಂದರೆ ಸಮಾಧಾನ ಆಗುವುದಿಲ್ಲ, ಅಂಕಿ ಕಾಣಬೇಕು.

ಇನ್ನು ನಡಿಗೆಯ ವಿಷಯ.

ನಮ್ಮ ಭಾಗದಲ್ಲಿ ಒಂದೇ ಶಬ್ದ ಮೂರು ಕೆಲಸ ಮಾಡುತ್ತದೆ. ಜಡ್ಡು ಬಂದರೆ "ಆರಾಮ ಇಲ್ಲ". ಗುಣವಾದರೆ "ಆರಾಮ ಆಯ್ತು". ಮಲಗಿಕೋ ಅನ್ನಲಿಕ್ಕೂ "ಆರಾಮ ಮಾಡು". ಹೀಗಾಗಿ ಆರಾಮ ಮಾಡಿದರೇ ಆರಾಮ ಆಗುತ್ತದೆ ಎಂಬುದು ನಮ್ಮ ಮಾತಿನಲ್ಲೇ ಕೂತುಬಿಟ್ಟಿದೆ. ನಾಲ್ಕು ದಿನದ ಜ್ವರಕ್ಕೆ ಅದು ನಿಜ. ವರ್ಷಗಟ್ಟಲೆ ಇರುವ ಕಿಡ್ನಿ ಬೇನೆಗೆ ಅದು ಉಲ್ಟಾ ಹೊಡೆಯುತ್ತದೆ. ಮಲಗಿದಷ್ಟೂ ಮಾಂಸಖಂಡ ಕರಗುತ್ತದೆ. ಖಂಡ ಕರಗಿದಷ್ಟೂ ಏಳುವುದೇ ಒಂದು ದೊಡ್ಡ ಕೆಲಸ ಆಗುತ್ತದೆ. ಹಗಲು ಮಲಗಿದವರಿಗೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು? ರಾತ್ರಿಯೆಲ್ಲ ಕತ್ತಲೆಯಲ್ಲಿ ಎಚ್ಚರವಿದ್ದು, ಮಕ್ಕಳ ಖರ್ಚು, ಪಾಲಿಗೆ ಕೊಟ್ಟ ಹೊಲ ಎಂದು ಎಣಿಸುತ್ತ ಬಿದ್ದವರಿಗೆ ಬೆಳಗ್ಗೆ ರೊಟ್ಟಿ ರುಚಿಸುವುದಿಲ್ಲ. ಊಟ ಕಡಿಮೆಯಾದರೆ ಖಂಡ ಮತ್ತೆ ಕರಗುತ್ತದೆ. ನಿಮ್ಮ ಅಪ್ಪ ಈ ಗಾಣದಲ್ಲಿ ಸಿಕ್ಕಿದ್ದಾರೆ. ಅದರಲ್ಲಿ ಇಷ್ಟು ಕಿಡ್ನಿಯದು, ಇಷ್ಟು ಮನಸ್ಸಿನದು ಎಂದು ತಕ್ಕಡಿಯಲ್ಲಿಟ್ಟು ತೂಗಲು ಬರುವುದಿಲ್ಲ. ಎರಡೂ ಕಡೆಯಿಂದ ಬಿಡಿಸುತ್ತ ಬರಬೇಕು.

ಆದರೆ "ಅಡ್ಡಾಡ್ರಿ" ಅನ್ನುವುದಕ್ಕೆ ಮೊದಲು, ಯಾಕೆ ಇಷ್ಟು ದಣಿವು ಎಂದು ನೋಡದೇ ಹೋದರೆ ಅನ್ಯಾಯ ಆಗುತ್ತದೆ. ಮುಂದಿನ ಡಯಾಲಿಸಿಸ್ ದಿನ ವೈದ್ಯರಿಗೆ ಇವನ್ನು ಕೇಳಿ. ಹಿಮೋಗ್ಲೋಬಿನ್ ಎಷ್ಟಿದೆ? ರಕ್ತ ತಯಾರಾಗಲು ಬೇಕಾದ ಎರಿಥ್ರೋಪೊಯೆಟಿನ್ ಎಂಬ ಹಾರ್ಮೋನು ಹುಟ್ಟುವುದೇ ಕಿಡ್ನಿಯಲ್ಲಿ. ಕಿಡ್ನಿ ಸೋತರೆ ರಕ್ತವೂ ಇಳಿಯುತ್ತದೆ. ಡಯಾಲಿಸಿಸ್‌ನವರಿಗೆ ಸಾಮಾನ್ಯವಾಗಿ 10ರಿಂದ 11.5 ಗ್ರಾಂ ಒಳಗೆ ಇಡಲು ನೋಡುತ್ತೇವೆ. ಏಳು ಎಂಟು ಗ್ರಾಂ ಇದ್ದವರಿಗೆ ನಡೆಯಿರಿ ಎಂದು ಒತ್ತಾಯ ಮಾಡುವುದು ಎಣ್ಣೆ ಇಲ್ಲದ ದೀಪಕ್ಕೆ ಬೆಂಕಿ ಹಚ್ಚಿದ ಹಾಗೆ. ಕಬ್ಬಿಣಾಂಶ ಸಾಕಷ್ಟಿದೆಯೇ? ರಕ್ತದಲ್ಲಿ ಆಮ್ಲ ಹೆಚ್ಚಾಗಿದೆಯೇ? ಹೆಚ್ಚಾಗಿದ್ದರೆ ಅದೇ ಖಂಡವನ್ನು ಒಳಗಿಂದ ತಿನ್ನುತ್ತಿರುತ್ತದೆ. ವಾರಕ್ಕೆ ಎರಡು ಸಲದ ಡಯಾಲಿಸಿಸ್ ಅವರಿಗೆ ಸಾಲುತ್ತಿದೆಯೇ ಎಂಬುದನ್ನೂ ಕೇಳಿ. ವಾಡಿಕೆಯ ಅಳತೆ ವಾರಕ್ಕೆ ಮೂರು ಸಲ, ಒಂದೊಂದು ಸಲ ನಾಲ್ಕು ತಾಸು. ಮೂತ್ರ ಇನ್ನೂ ಚೆನ್ನಾಗಿ ಬರುತ್ತಿರುವ ಕೆಲವರಿಗೆ ಎರಡು ಸಾಕಾಗುತ್ತದೆ, ಎಲ್ಲರಿಗೂ ಅಲ್ಲ. ಹಸಿವು ಸತ್ತಿರುವುದಕ್ಕೆ ಅದೂ ಕಾರಣ ಇರಬಹುದು.

ಇನ್ನೊಂದು, ಇದನ್ನು ನಾನು ಬಿಡಿಸಿ ಹೇಳಲೇಬೇಕು. ಅವರು ನುಂಗುವ ಎಲ್ಲ ಗುಳಿಗೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಶುಗರ್‌ನವರಿಗೆ ಪಾದ ಉರಿ, ಜುಮುಜುಮು ಎಂದು ಗ್ಯಾಬಪೆಂಟಿನ್ ಅಥವಾ ಪ್ರಿಗ್ಯಾಬಲಿನ್ ಬರೆದಿರುತ್ತಾರೆ. ಒಳ್ಳೆಯ ಔಷಧಿಗಳೇ. ಆದರೆ ಅವು ಹೊರಗೆ ಹೋಗುವುದು ಕಿಡ್ನಿಯ ದಾರಿಯಿಂದ. ಕಿಡ್ನಿ ಕೆಡುವ ಮೊದಲು ಬರೆದ ಪ್ರಮಾಣವನ್ನೇ ಈಗಲೂ ನುಂಗುತ್ತಿದ್ದರೆ ಮೈಯಲ್ಲಿ ಉಳಿದು, ಹಗಲೆಲ್ಲ ಮಂಪರು, ತೊದಲು, ತೂರಾಟ. "ಅಪ್ಪ ಮಂಕಾಗಿದ್ದಾನೆ" ಎಂದು ಮನೆಯವರು ಅತ್ತದ್ದನ್ನೂ, ಗುಳಿಗೆ ಇಳಿಸಿದ ವಾರದಲ್ಲಿ ಅದೇ ಅಪ್ಪ ಎದ್ದು ಕೂತು ಚಹಾ ಕೇಳಿದ್ದನ್ನೂ ನಾನು ನೋಡಿದ್ದೇನೆ. ನೀವಾಗಿಯೇ ನಿಲ್ಲಿಸಬೇಡಿ, ತೋರಿಸಿ.

ಈಗ ಕ್ರಿಯೇಟಿನಿನ್. ಕ್ರಿಯೇಟಿನಿನ್ ಎಂಬ ತ್ಯಾಜ್ಯ ಹುಟ್ಟುವುದು ಮಾಂಸಖಂಡದಲ್ಲಿ, ಹೊರಗೆ ಹಾಕುವುದು ಕಿಡ್ನಿ. ರೂಢಿಯಿಲ್ಲದವರು ಜೋರಾಗಿ ಕಸರತ್ತು ಮಾಡಿದರೆ ಅಂಕಿ ಒಂದೆರಡು ದಿನ ತುಸು ಏರಬಹುದು. ಅಂಕಿ ಏರಿತೇ ಹೊರತು ಕಿಡ್ನಿ ಕೆಟ್ಟಿತು ಎಂದಲ್ಲ. ನಡಿಗೆಗೆ ಅಷ್ಟೂ ಆಗುವುದಿಲ್ಲ. ಡಯಾಲಿಸಿಸ್ ಸುರುವಾದ ಮೇಲಂತೂ ಆ ಅಂಕಿ ಹಿಡಿದು ಹೆದರುವುದರಲ್ಲಿ ಅರ್ಥವಿಲ್ಲ. ಮಷೀನಿಗೆ ಹಚ್ಚಿದಾಗ ಇಳಿಯುತ್ತದೆ, ನಡುವೆ ಏರುತ್ತದೆ. ನಿಮ್ಮ ಮಂದಿಗೆ ಇದೊಂದು ಮಾತು ಹೇಳಿ: ಡಯಾಲಿಸಿಸ್‌ನವರಲ್ಲಿ ತಿಂಗಳಿಂದ ತಿಂಗಳಿಗೆ ಕ್ರಿಯೇಟಿನಿನ್ ಇಳಿಯುತ್ತ ಹೋದರೆ ನಾವು ಖುಷಿ ಪಡುವುದಿಲ್ಲ. ಖಂಡ ಕರಗುತ್ತಿದೆಯೇನೋ ಎಂದು ಅನುಮಾನ ಪಡುತ್ತೇವೆ. ಇನ್ನೂ ಡಯಾಲಿಸಿಸ್‌ಗೆ ಬಾರದ ಕಿಡ್ನಿ ರೋಗಿಗಳಿಗೂ, ತಾಳಿಕೆ ನೋಡಿಕೊಂಡು, ವಾರಕ್ಕೆ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಇರಲಿ ಎಂದೇ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ.

ಎಡಗೈ ವಿಷಯದಲ್ಲಿ ನಿಮ್ಮ ಮಂದಿ ಹೇಳುವುದರಲ್ಲಿ ಅರ್ಧ ನಿಜ ಇದೆ. ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲೆಂದು ಆಪರೇಷನ್ ಮಾಡಿ ಎರಡು ರಕ್ತನಾಳ ಕೂಡಿಸಿದ ಜಾಗ) ಇರುವ ಕೈಯಲ್ಲಿ ಬಿಪಿ ನೋಡಬಾರದು, ಬೇರೆ ಸೂಜಿ ಚುಚ್ಚಿಸಬಾರದು, ಆ ಕೈ ತಲೆಯಡಿ ಇಟ್ಟು ಮಲಗಬಾರದು, ಬಿಗಿ ಗಡಿಯಾರ ಕಟ್ಟಬಾರದು, ಕೊಡ ಮೂಟೆ ಹೊರಬಾರದು. ತಂಬಿಗೆ ಎತ್ತಬಹುದು, ರೊಟ್ಟಿ ಮುರಿಯಬಹುದು, ಅಂಗಿ ಗುಂಡಿ ಹಾಕಿಕೊಳ್ಳಬಹುದು. ಆಪರೇಷನ್ ಗಾಯ ಮಾಗಿದ ಮೇಲೆ ರಬ್ಬರ್ ಚೆಂಡು ಹಿಸುಕಿಸುತ್ತೇವೆ, ನರ ದಪ್ಪ ಆಗಲಿ ಎಂದು. ದಿನಾ ಬೆಳಗ್ಗೆ ಬೆರಳಿಟ್ಟು ಒಳಗಿನ ಜುಂ ಎನ್ನುವ ಮಿಡಿತ ನೋಡಿಕೊಳ್ಳಲಿ. ಅದು ನಿಂತಿದ್ದರೆ ತಡ ಮಾಡದೆ ಆಸ್ಪತ್ರೆಗೆ.

ಜಿಮ್ಮು ಈಗ ಬೇಡ. ಹದಿನೆಂಟು ವರ್ಷದ ಶುಗರ್ ಎಂದರೆ ಕಣ್ಣಿನ ಪರದೆಯಲ್ಲಿ ಸೂಕ್ಷ್ಮ ರಕ್ತನಾಳಗಳು ಸೋರುತ್ತಿರುವ ಸಂಭವ ಇದೆ. ಉಸಿರು ಕಟ್ಟಿ ಭಾರ ಎತ್ತುವುದು, ತಲೆ ಕೆಳಗೆ ಮಾಡುವ ಆಸನ, ಜೋರು ಕಪಾಲಭಾತಿ ಇವುಗಳಿಂದ ಒತ್ತಡ ಏರಿ ಕಣ್ಣಲ್ಲಿ ರಕ್ತ ಇಳಿಯಬಹುದು. ಕಣ್ಣಿನ ವೈದ್ಯರಿಗೆ ಒಮ್ಮೆ ತೋರಿಸಿ. ಮಾಮೂಲಿ ಉಸಿರಾಟದ ಪ್ರಾಣಾಯಾಮಕ್ಕೆ ಅಡ್ಡಿಯಿಲ್ಲ.

ಹಾಗಾದರೆ ಎಷ್ಟು ನಡೆಯಬೇಕು? ಇಟಲಿಯಲ್ಲಿ ಸುಮಾರು 300 ಮಂದಿ ಡಯಾಲಿಸಿಸ್ ರೋಗಿಗಳ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಯಂತ್ರವಿಲ್ಲ, ಜಿಮ್ಮಿಲ್ಲ. ಡಯಾಲಿಸಿಸ್ ಇಲ್ಲದ ದಿನ ಮನೆಯ ಆಸುಪಾಸಿನಲ್ಲೇ ಹತ್ತು ಹತ್ತು ನಿಮಿಷದ ನಡಿಗೆ. ಆರು ತಿಂಗಳಲ್ಲಿ, ಆರು ನಿಮಿಷಕ್ಕೆ 328 ಮೀಟರ್ ನಡೆಯುತ್ತಿದ್ದವರು 367 ಮೀಟರಿಗೆ ಬಂದರು. ನಡೆಯದ ಗುಂಪು ಇದ್ದಲ್ಲೇ ಇತ್ತು. ನಡೆದವರು ಜನರೊಂದಿಗೆ ಬೆರೆಯುವುದೂ ಸುಧಾರಿಸಿತ್ತು. ಜರ್ಮನಿಯಲ್ಲಿ ಡಯಾಲಿಸಿಸ್ ನಡೆಯುವಾಗಲೇ ಮಂಚದ ಮೇಲೆ ವ್ಯಾಯಾಮ ಮಾಡಿಸಿ ಒಂದು ವರ್ಷ ನೋಡಿದರು. ಒಂದು ನಿಮಿಷದಲ್ಲಿ ಕುರ್ಚಿಯಿಂದ 16 ಸಲ ಎದ್ದು ಕೂರುತ್ತಿದ್ದವರು 19 ಸಲಕ್ಕೆ ಬಂದರು, ಮಾಡದವರು 15ರ ಕೆಳಗೆ ಇಳಿದರು. ನಾನು ಈ ಇಳಿದವರ ಅಂಕಿಯನ್ನೇ ಹೆಚ್ಚು ನೋಡುತ್ತೇನೆ. ಸುಮ್ಮನೆ ಕೂತರೆ ಇದ್ದಲ್ಲೇ ಇರುತ್ತೇವೆ ಎಂಬುದು ಸುಳ್ಳು.

ನಮ್ಮ ಊರಿಗೆ ನಾನು ಒಂದು ಸರಳ ಲೆಕ್ಕ ಇಟ್ಟುಕೊಂಡಿದ್ದೇನೆ: ಲೈಟಿನ ಕಂಬ. ಚಿಂಚೋಳಿ ಕಡೆಯ ಒಬ್ಬ ಹಿರಿಯರು ನನ್ನ ಹತ್ತಿರ ಬರುತ್ತಿದ್ದರು, ನಿಮ್ಮ ಅಪ್ಪನ ಹಾಗೆ ಗೋಡೆಗೆ ಮುಖ ಮಾಡಿ ಮಲಗಿದವರು. "ಹತ್ತು ನಿಮಿಷ ನಡೀರಿ" ಎಂದರೆ ಅವರಿಗೆ ಅದು ಬೆಟ್ಟ. "ಮನೆ ಮುಂದಿನ ಕಂಬದಿಂದ ಆಚೆ ಕಂಬಕ್ಕೆ ಹೋಗಿ ಬರ್ರಿ" ಎಂದೆ. ಒಂದು ವಾರ ಒಂದು ಕಂಬ. ಮುಂದಿನ ವಾರ ಎರಡು. ನಡುವೆ ಎರಡು ವಾರ ಜ್ವರ ಬಂದು ಮತ್ತೆ ಒಂದಕ್ಕೆ ಇಳಿದರು, ನಾನು ಏನೂ ಅನ್ನಲಿಲ್ಲ. ಐದನೇ ಕಂಬದ ಹತ್ತಿರ ಒಂದು ಚಹಾದಂಗಡಿ ಇತ್ತು. ಅಲ್ಲಿಗೆ ಮುಟ್ಟಿದ ಮೇಲೆ ಅವರಿಗೆ ನನ್ನ ಲೆಕ್ಕ ಬೇಕಾಗಲಿಲ್ಲ, ನಾಲ್ಕು ಜನ ಮಾತಿಗೆ ಸಿಕ್ಕಿದ್ದರು.

ನಿಮ್ಮ ಅಪ್ಪನಿಗೆ ವೈದ್ಯರು ಒಪ್ಪಿದರೆ ಮಂಗಳವಾರ, ಬುಧವಾರ, ಶುಕ್ರವಾರ, ಶನಿವಾರ ಒಳ್ಳೆಯ ದಿನಗಳು. ಡಯಾಲಿಸಿಸ್ ಮುಗಿಸಿ ಬಂದ ಸಂಜೆ ಬಿಪಿ ಇಳಿದು ತಲೆ ತಿರುಗುತ್ತದೆ, ಆ ಹೊತ್ತು ಮಲಗಲಿ ಬಿಡಿ. ಭಾನುವಾರದ ಬಗ್ಗೆ ಎಚ್ಚರ. ಗುರುವಾರದಿಂದ ಸೋಮವಾರದ ಅಂತರ ಉದ್ದ. ಭಾನುವಾರ ಹೊತ್ತಿಗೆ ಮೈಯಲ್ಲಿ ನೀರೂ ಪೊಟ್ಯಾಸಿಯಮ್ಮೂ ಕೂಡಿಕೊಂಡಿರುತ್ತವೆ, ಹೃದಯಕ್ಕೆ ಅದು ಭಾರದ ದಿನ. ಅಂದು ಅಂಗಳದಲ್ಲಿ ಓಡಾಡಿದರೆ ಸಾಕು. ನಡೆಯುವಾಗ ನಿಮ್ಮ ಜೊತೆ ಮಾತಾಡಲಿಕ್ಕೆ ಆಗಬೇಕು, ಹಾಡಲಿಕ್ಕೆ ದಮ್ಮು ಸಾಲಬಾರದು. ಅದೇ ಸರಿಯಾದ ವೇಗ. ಬಿಪಿ ಗುಳಿಗೆಗಳಲ್ಲಿ ಕೆಲವು ನಾಡಿಯನ್ನು ಹಿಡಿದಿಡುತ್ತವೆ, ಹಾಗಾಗಿ ಗಡಿಯಾರ ತೋರಿಸುವ ನಾಡಿ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಡಿಗೆ ಆಗದ ದಿನ ಗಟ್ಟಿ ಕುರ್ಚಿಯ ಮೇಲೆ ಕೂತು ಏಳಲಿ, ಐದು ಸಲ. ತೊಡೆಗೆ ಅದರಷ್ಟು ಒಳ್ಳೆಯದು ಮತ್ತೊಂದಿಲ್ಲ.

ಎದೆ ನೋವು, ಮಲಗಿದರೆ ದಮ್ಮು, ಎದೆ ಬಡಿತ ತಪ್ಪಿದಂತೆ ಆಗುವುದು, ಕಾಲು ಹಠಾತ್ತನೆ ಸೋಲುವುದು, ಜ್ವರ, ಬಿಪಿ 180/110 ದಾಟಿರುವುದು, ಹಿಂದಿನ ಡಯಾಲಿಸಿಸ್ ತಪ್ಪಿಸಿರುವುದು: ಇವುಗಳಲ್ಲಿ ಒಂದಿದ್ದರೂ ಅಂದು ನಡಿಗೆ ಇಲ್ಲ. ಯಾವುದಿದ್ದರೂ ವೈದ್ಯರಿಗೆ ಆಗಲೇ ತಿಳಿಸಬೇಕು. ಜ್ವರವನ್ನೂ ಹಗುರವಾಗಿ ತಗೊಳ್ಳಬೇಡಿ, ಡಯಾಲಿಸಿಸ್ ಹಚ್ಚಿದವರಿಗೆ ಸೂಜಿಯ ಜಾಗದಿಂದ ಸೋಂಕು ಒಳಗೆ ಹೋಗಿರಬಹುದು.

ಬಿಸಿಲನ್ನು ನಾನು ಬೇರೆಯಾಗಿ ಹೇಳುತ್ತೇನೆ, ಯಾಕೆಂದರೆ ಬೆಂಗಳೂರಿನಲ್ಲಿ ಅಚ್ಚಾದ ಸಲಹಾಪತ್ರಗಳಲ್ಲಿ ನಮ್ಮ ಬಿಸಿಲು ಇರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರು ನಮ್ಮದು. ಏಳು ಗಂಟೆಯೊಳಗೆ ನಡಿಗೆ ಮುಗಿಯಬೇಕು. ಕಲಬುರಗಿಯ ಶರಣಬಸವೇಶ್ವರ ಕೆರೆ (ಮಂದಿ ಅಪ್ಪನ ಕೆರೆ ಅನ್ನುವುದು) ನಿಮಗೆ ಹತ್ತಿರವಾಗಿದ್ದರೆ ನಸುಕಿನಲ್ಲಿ ಅಲ್ಲಿ ತಂಪು ಗಾಳಿ ಸಿಗುತ್ತದೆ, ಕೂರಲಿಕ್ಕೂ ಜಾಗ ಇದೆ. ಬರಿಗಾಲು ಬೇಡವೇ ಬೇಡ. ಮಧ್ಯಾಹ್ನ ಶಹಾಬಾದ್ ಕಲ್ಲಿನ ಅಂಗಳ ಹೆಂಚಿನ ಹಾಗೆ ಕಾದಿರುತ್ತದೆ. ಶುಗರ್‌ನಿಂದ ಪಾದದ ಅರಿವು ಹೋದವರಿಗೆ ಬೊಬ್ಬೆ ಎದ್ದ ಮೇಲೇ ಗೊತ್ತಾಗುವುದು. ದಿನಾ ಸಂಜೆ ನೀವೇ ಅವರ ಪಾದ ತಿರುಗಿಸಿ ನೋಡಿ. ನಡೆದು ಬಂದವರಿಗೆ ಪ್ರೀತಿಯಿಂದ ಎಳನೀರು, ಮೋಸಂಬಿ ರಸ ಕೊಡುವುದು ನಮ್ಮ ರೂಢಿ. ಡಯಾಲಿಸಿಸ್‌ನವರಿಗೆ ಅದರ ಪೊಟ್ಯಾಸಿಯಂ ಹೃದಯ ನಿಲ್ಲಿಸಬಲ್ಲದು. ಅವರಿಗೆ ದಿನಕ್ಕೆ ಅಂತ ಗೊತ್ತು ಮಾಡಿದ ನೀರಿನಲ್ಲೇ ಎರಡು ಗುಟುಕು ಎತ್ತಿಡಿ.

ಇನ್ಸುಲಿನ್ ತಗೊಳ್ಳುತ್ತಿದ್ದರೆ ನಡಿಗೆಗೆ ಮೊದಲು ಶುಗರ್ ನೋಡಿ. ಕಿಡ್ನಿ ಸೋತಾಗ ಇನ್ಸುಲಿನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. 100ರ ಕೆಳಗಿದ್ದರೆ ಏನಾದರೂ ತಿಂದೇ ಹೊರಡಲಿ. ಕಿಸೆಯಲ್ಲಿ ಮೂರು ಚಮಚ ಸಕ್ಕರೆಯ ಪೊಟ್ಟಣ ಇರಲಿ.

ಮೊದಲ ವಾರ ಮೊಣಕಾಲು ನೋಯುತ್ತದೆ. ಆಗ ಮೆಡಿಕಲ್ ಅಂಗಡಿಗೆ ಹೋಗಿ ನೋವಿನ ಗುಳಿಗೆ ತರಬೇಡಿ, ಓಣಿಯ ಸೂಜಿಯೂ ಬೇಡ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್ ಜಾತಿಯ ಗುಳಿಗೆಗಳು ಅಳಿದುಳಿದ ಮೂತ್ರವನ್ನೂ ನಿಲ್ಲಿಸುತ್ತವೆ, ಹೊಟ್ಟೆಯಲ್ಲಿ ರಕ್ತ ಸೋರಿಸುತ್ತವೆ. ಬೇಕೇ ಬೇಕಾದರೆ ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್.

ಈಗ ನಿಮ್ಮ ಕೊನೆಯ ಪ್ರಶ್ನೆ, ಮನಸ್ಸಿನ ಗುಳಿಗೆ. ಡಯಾಲಿಸಿಸ್ ರೋಗಿಗಳನ್ನು ಕೂರಿಸಿ ಸರಿಯಾಗಿ ವಿಚಾರಿಸಿದರೆ ನಾಲ್ಕೈದು ಜನರಲ್ಲಿ ಒಬ್ಬರಿಗೆ ಖಿನ್ನತೆ ಇರುತ್ತದೆ. ದಣಿವು, ನಿದ್ದೆಗೇಡು, ಹಸಿವಿಲ್ಲದಿರುವುದು ಎರಡೂ ರೋಗಗಳ ಲಕ್ಷಣ ಆದ್ದರಿಂದ ಅವುಗಳಿಂದ ತೀರ್ಮಾನ ಮಾಡಲು ಬರುವುದಿಲ್ಲ. ಎರಡು ಪ್ರಶ್ನೆ ಕೇಳಿ. ಎರಡು ವಾರದಿಂದ ಮನಸ್ಸು ಕುಸಿದಂತೆ, ದಾರಿಯೇ ಇಲ್ಲದಂತೆ ಅನಿಸುತ್ತಿದೆಯೇ? ಮೊದಲು ಖುಷಿ ಕೊಡುತ್ತಿದ್ದ ವಿಷಯದಲ್ಲಿ ಈಗ ಆಸಕ್ತಿ ಹೋಗಿದೆಯೇ? ಬರೀ ರಕ್ತ ಕಡಿಮೆ ಇದ್ದವರಿಗೆ ಮೈ ಏಳುವುದಿಲ್ಲ, ಆದರೆ ಮೊಮ್ಮಗ ಬಂದರೆ ಮುಖ ಅರಳುತ್ತದೆ, ಈ ಸಲ ತೊಗರಿಗೆ ಏನು ರೇಟು ಬಂತು ಎಂದು ಕೇಳುತ್ತಾರೆ. ಅದನ್ನೂ ಕೇಳುವುದು ಬಿಟ್ಟಿದ್ದರೆ ಅದು ಖಿನ್ನತೆಯ ಕಡೆ ಬೆರಳು ತೋರಿಸುತ್ತದೆ. ನೀವು ಬರೆದದ್ದು ನೋಡಿದರೆ, ಜೊತೆಗೆ ಮಷೀನ್ ಬಿಡುವ ಮಾತು ಸೇರಿದರೆ, ಮನೋವೈದ್ಯರಿಗೆ ತೋರಿಸಲೇಬೇಕು ಎಂಬುದು ನನ್ನ ಅಭಿಪ್ರಾಯ. ನಡಿಗೆ ಸುರು ಮಾಡಿದೆವಲ್ಲ, ನೋಡೋಣ ಎಂದು ಇದನ್ನು ಮುಂದೂಡಬೇಡಿ. ನಡಿಗೆಯಿಂದ ಕಾಲಿಗೆ ಬಲ ಬರುವುದು ಖಚಿತ. ಮನಸ್ಸಿಗೆ ಆಗುವ ಲಾಭ ಕೆಲವು ಅಧ್ಯಯನಗಳಲ್ಲಿ ಕಂಡಿದೆ, ಕೆಲವುಗಳಲ್ಲಿ ಕಂಡಿಲ್ಲ. ಸಾಯುವ ಮಾತಾಡುವವರಿಗೆ ನಡಿಗೆಯೊಂದನ್ನೇ ಔಷಧಿ ಅನ್ನಲಿಕ್ಕೆ ನನಗೆ ಧೈರ್ಯವಿಲ್ಲ.

ಗುಳಿಗೆಯಿಂದ ಕಿಡ್ನಿ ಕೆಡುತ್ತದೆ ಎಂಬ ಭಯ ಬಿಡಿ. ಕಿಡ್ನಿಗೆ ಆಗದ ಮನೋರೋಗದ ಔಷಧಿಗಳು ಇಲ್ಲವೆಂದಲ್ಲ, ಲಿಥಿಯಂ ಅಂಥದ್ದು. ಆದರೆ ಖಿನ್ನತೆಗೆ ಡಯಾಲಿಸಿಸ್‌ನವರಲ್ಲಿ ಹೆಚ್ಚು ಬಳಸುವ ಸರ್ಟ್ರಾಲಿನ್‌ನಂಥವು ಕಿಡ್ನಿಗೆ ಹಾನಿ ಮಾಡುವುದಿಲ್ಲ. ಅದರ ಶಕ್ತಿ ಎಷ್ಟು ಎಂಬುದನ್ನೂ ಹೇಳುತ್ತೇನೆ. ಅಮೆರಿಕದಲ್ಲಿ 120 ಡಯಾಲಿಸಿಸ್ ರೋಗಿಗಳಲ್ಲಿ ಸರ್ಟ್ರಾಲಿನ್ ಮತ್ತು ಆಪ್ತಸಮಾಲೋಚನೆಯನ್ನು ಹೋಲಿಸಿ ನೋಡಿದರು, 2019ರಲ್ಲಿ ಫಲ ಬಂತು. ಹನ್ನೆರಡು ವಾರಕ್ಕೆ ಎರಡೂ ಗುಂಪು ಸುಧಾರಿಸಿದವು. ಗುಳಿಗೆಯವರು ತುಸು ಮುಂದೆ, ಆದರೆ ಅಡ್ಡಪರಿಣಾಮ ಅವರಲ್ಲೇ ಹೆಚ್ಚು. ಇನ್ನೂ ಡಯಾಲಿಸಿಸ್‌ಗೆ ಬಾರದ ಕಿಡ್ನಿ ರೋಗಿಗಳಲ್ಲಿ 2017ರ ಇನ್ನೊಂದು ಅಧ್ಯಯನ ನಡೆದಿತ್ತು. ಅಲ್ಲಿ ಸರ್ಟ್ರಾಲಿನ್, ಹೋಲಿಕೆಗೆಂದು ಕೊಟ್ಟ ಔಷಧಿಯಿಲ್ಲದ ಖಾಲಿ ಗುಳಿಗೆಗಿಂತ ಮೇಲಾಗಲಿಲ್ಲ. ಹೊಟ್ಟೆ ತೊಳಸು, ಭೇದಿ ಆಗಬಹುದು. ಪರಿಣಾಮ ಕಾಣಲು ನಾಲ್ಕಾರು ವಾರ ಬೇಕು, ಎರಡನೇ ವಾರಕ್ಕೇ ಬಿಟ್ಟುಬಿಡುವವರೇ ಬಹಳ. ಮನೋವೈದ್ಯರಿಗೆ ಡಯಾಲಿಸಿಸ್ ಇದೆ ಎಂದು ಮೊದಲೇ ಹೇಳಿ, ಅವರ ಚೀಟಿಯನ್ನು ಕಿಡ್ನಿ ವೈದ್ಯರಿಗೂ ತೋರಿಸಿ.

ಕೊನೆಗೆ ಒಂದು ಮಾತು, ಇದು ನಿಮ್ಮ ತಪ್ಪು ಎಂದು ತಿಳಿಯಬೇಡಿ. ನೀವು ಪ್ರೀತಿಯಿಂದ ಅವರ ಕೈಯಿಂದ ಎಲ್ಲ ಕೆಲಸ ಕಸಿದುಕೊಂಡಿದ್ದೀರಿ. ಹೊಲ ಊರಲ್ಲಿ ಉಳಿಯಿತು, ಜೊತೆಗಾರರು ಊರಲ್ಲಿ ಉಳಿದರು. ಮಗಳ ಮನೆಯಲ್ಲಿ ನೀರಿನ ತಂಬಿಗೆ ಕೂಡ ಪಲ್ಲಂಗಕ್ಕೇ ಬರುತ್ತದೆ. "ನನ್ನ ಸಲುವಾಗಿ ನೀವ್ಯಾಕ" ಎಂಬ ಮಾತು ಅಲ್ಲಿಂದಲೂ ಹುಟ್ಟುತ್ತದೆ. ನಾಳೆಯಿಂದ ಹಾಲಿನ ಪಾಕೀಟು ಅವರು ತರಲಿ, ಬಲಗೈಯಲ್ಲಿ. ಮೊಮ್ಮಕ್ಕಳಿದ್ದರೆ ಶಾಲೆಯ ಗಾಡಿ ಬರುವ ತನಕ ಅವರೇ ಜೊತೆಗೆ ನಿಲ್ಲಲಿ. ಬೇಳೆ ಆರಿಸುವಾಗ ಮೊರ ಅವರ ಮುಂದೆ ಇಡಿ. ತೊಗರಿ ನೋಡಿದರೆ ಅವರ ಕಣ್ಣು ನಿಮ್ಮದಕ್ಕಿಂತ ಚುರುಕು.

ರಕ್ತ ಸುಧಾರಿಸಿ, ಐದಾರು ಕಂಬದ ನಡಿಗೆ ರೂಢಿಯಾದ ಮೇಲೆ ವೈದ್ಯರನ್ನು ಕೇಳಿ ಒಂದು ಶುಕ್ರವಾರ ಊರಿಗೆ ಕರೆದುಕೊಂಡು ಹೋಗಿ. ನಸುಕಿಗೇ ಹೊರಡಿ, ಗುಳಿಗೆ, ಅಳತೆಯ ನೀರಿನ ಬಾಟಲಿ, ಸಕ್ಕರೆ ಪೊಟ್ಟಣ ಮರೆಯಬೇಡಿ. ಹೊಲದ ಬದುವಿನ ಮೇಲೆ ಅವರಿಗೆ ಎಷ್ಟು ದೂರ ಹೋಗಬೇಕು ಅನಿಸುತ್ತದೋ ಅಷ್ಟು ಹೋಗಲಿ, ನೀವು ಒಂದು ಹೆಜ್ಜೆ ಹಿಂದಿರಿ. ಬಿಸಿಲೇರುವ ಮೊದಲು ಅಲ್ಲಿಂದ ಹೊರಟರೆ ಸಾಕು.